ಗುಡುಗಪ್ಪನ ಆಲ್ಬಮ್‌ನಲ್ಲಿ ಅಕ್ಕನ ದನಿ

ನಮ್ಮ ಬ್ಯಾಂಡಿನ ಡ್ರಮ್ಮರ್‌ಗೆ ಗುಡುಗಪ್ಪ ಎಂದು ಹೆಸರಿಟ್ಟವನು ನಾನೇ. ಹಗಲೆಲ್ಲ ಕಬ್ಬಿಣದ ಬೀರು ಮಾಡುವ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದ, ಸಂಜೆ ನಮ್ಮ ಜೊತೆ ಬ್ಲ್ಯಾಕ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಬಾರಿಸುತ್ತಿದ್ದ. ಹದಿನೆಂಟು ವರ್ಷ ಹೀಗೇ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತಿದ್ದ ಮನುಷ್ಯ. ನಾನು ಗಿಟಾರ್. ಮುಂದೆ ನಿಂತು ಕೂದಲು ಕೆದರಿಕೊಂಡು ಕುಣಿದು ಚಪ್ಪಾಳೆ ಗಿಟ್ಟಿಸುತ್ತಿದ್ದವನು.

ಒಂದು ದಿನ, "ನಂದೇ ಒಂದು ಆಲ್ಬಮ್ ಮಾಡ್ತೀನಿ" ಎಂದ.

"ಗಿಟಾರ್ ಯಾರು?"

"ನಾನೇ."

ನನಗೆ ಮೈಯೆಲ್ಲ ಉರಿದುಹೋಯಿತು.

ಅವನನ್ನು ಸಾಕಿದವಳು ಅಕ್ಕ, ಹೊಲಿಗೆ ಕೆಲಸದವಳು. "ಪಾತ್ರೆ ಸ್ಟ್ಯಾಂಡ್ ಬಿದ್ದ ಹಾಗಿದೆ ಕಣೋ" ಎಂದು ಬೈಯುತ್ತಲೇ ಅವನ ಡ್ರಮ್ಮುಗಳಿಗೆ ತನ್ನ ಹೊಲಿಗೆ ಕೋಣೆಯ ಅರ್ಧ ಬಿಟ್ಟುಕೊಟ್ಟಿದ್ದಳು. ಈಗ ಅವಳ ಗಂಟಲಲ್ಲಿ ಗಡ್ಡೆ. ಆಪರೇಷನ್ ಆದಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಲ್ಬಮ್ಮಿನ ಅವಸರವೆಲ್ಲ ಅದಕ್ಕೇ. ಮಿಷಿನ್ ತುಳಿಯುತ್ತ ಅವಳು ಗುನುಗುತ್ತಿದ್ದ ರಾಗವನ್ನು ಅವನು ಕೊನೆಯ ಹಾಡಿಗೆ ಅವಳಿಂದಲೇ ಹಾಡಿಸಿದ. ಒಂದೇ ಕೋಣೆ, ಒಂದೇ ಮೈಕ್, ಅಕ್ಕ ಹಾಡುತ್ತಿದ್ದಂತೆ ಇವನು ಬಾರಿಸುವುದು. ರೆಕಾರ್ಡಿಂಗನ್ನು ತಿದ್ದಿ ತೀಡಿದರೆ ಅದು ಬ್ಲ್ಯಾಕ್ ಮೆಟಲ್ಲೇ ಅಲ್ಲ ಎಂಬುದು ಈ ಸಂಗೀತದ ಹುಚ್ಚಿನ ನಮ್ಮವರ ಹಟ.

ಆಪರೇಷನ್ನಿಗೆ ಒಂಬತ್ತು ದಿನ ಇದ್ದಾಗ ಹಾಡನ್ನು ನನಗೆ ಕಳಿಸಿ ಫೋನ್ ಮಾಡಿದ. "ನನ್ನ ಕಿವಿ ನಂಬಕ್ಕಾಗಲ್ಲ. ಅಕ್ಕ ಸರಿಯಾಗಿ ಕೇಳಿಸ್ತಾಳಾ, ನೀನು ನೋಡಿ ಹೇಳು."

ತಗಡು ಮತ್ತು ಡ್ರಮ್ಮು ಸೇರಿ ಅವನ ಕಿವಿ ತಿಂದುಹಾಕಿದ್ದವು. ಸಿಂಬಲ್‌ನ, ಅಂದರೆ ಆ ಹಿತ್ತಾಳೆ ತಟ್ಟೆಗಳ, ಚೂಪು ಸದ್ದು ಅವನಿಗೆ ಕೇಳುತ್ತಲೇ ಇರಲಿಲ್ಲ. ಕೇಳಲಿ ಎಂದು ಜೀವ ಬಿಟ್ಟು ಬಡಿದಿದ್ದ. ಆ ಗದ್ದಲದಲ್ಲಿ ಅಕ್ಕ ಪೂರ್ತಿ ಮುಳುಗಿದ್ದಳು. ಮೂರು ಸಲ ಕೇಳಿದೆ, ಅವಳಿಲ್ಲ.

ಮೈಕನ್ನು ಅಕ್ಕನ ಹತ್ತಿರ ಸರಿಸಿ ಇನ್ನೊಮ್ಮೆ ಹಾಡಿಸು ಎಂದಿದ್ದರೆ ಮುಗಿಯುತ್ತಿತ್ತು. ಗಿಟಾರ್ ಅವನೇ ನುಡಿಸಿದ್ದಾನಲ್ಲ, ಇದನ್ನೂ ಅವನೇ ನೋಡಿಕೊಳ್ಳಲಿ ಎಂಬ ಹೊಟ್ಟೆಯುರಿ ನನಗೆ. "ಚೆನ್ನಾಗಿದೆ, ಹಾಗೇ ಬಿಡು" ಎಂದು ಬರೆದು ಕಳಿಸಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಲ್ಬಮ್ ಬಂತು. ಎಂಥ ನಿರ್ದಯ ಸದ್ದು ಎಂದು ನಮ್ಮವರು ಕೊಂಡಾಡಿದರು. ಅಕ್ಕ ಆಸ್ಪತ್ರೆಯಿಂದ ಬಂದ ವಾರಕ್ಕೆ ನೋಡಲು ಹೋದೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮಿಷಿನ್ ಮುಂದೆ ಕೂತಿದ್ದಳು. ಅವನು ಕೊನೆಯ ಹಾಡು ಹಾಕಿದ. ಅಕ್ಕ ಕೊನೆಯವರೆಗೂ ಕೇಳಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮಡಿಲಲ್ಲಿದ್ದ ಕಪ್ಪು ಬಟ್ಟೆಯ ಮೇಲೆ ಬರೆದಳು: ನಾನೆಲ್ಲಿ?

"ಇಲ್ಲೇ ಇದೀಯಲ್ಲಕ್ಕ, ಎಷ್ಟು ಚೆನ್ನಾಗಿ ಕೇಳ್ತಿದೆ" ಎಂದ. ಸಿಂಬಲ್ ಕೇಳದ ಆ ಕಿವಿಗೆ ಅಕ್ಕನ ದನಿ ನಿಜವಾಗಿಯೂ ಕೇಳುತ್ತಿತ್ತು, ಅವನೊಬ್ಬನಿಗೇ. "ಬೇಕಾದ್ರೆ ಇವನನ್ನೇ ಕೇಳು. ಅವತ್ತೇ ಕೇಳಿ ಹೇಳಿದಾನೆ."

ಅಕ್ಕ ನನ್ನನ್ನೇ ನೋಡಿದಳು.

"ಹೌದಕ್ಕ, ಕೇಳತ್ತೆ" ಎಂದೆ.

ಅವಳು ನನ್ನ ಮೇಲಿಂದ ಕಣ್ಣು ತೆಗೆದು ತಮ್ಮನ ಅರಳಿದ ಮುಖ ನೋಡಿದಳು. ಆಮೇಲೆ ಬರೆದದ್ದನ್ನು ಅಂಗೈಯಿಂದ ಒರೆಸಿ, ಹಾಡು ಮತ್ತೆ ಹಾಕು ಎಂದು ತಮ್ಮನಿಗೆ ಸನ್ನೆ ಮಾಡಿದಳು.