ಬೊಟ್ಟು ಹೊತ್ತು ಹೋದ ಚಿಟ್ಟೆ

ಶ್ರೀಮತಿ ಗಂಗಾ ಆಂಟಿಯವರ ಹಣೆಯನ್ನು ಬೊಟ್ಟಿಲ್ಲದೆ ನಾನು ಕಂಡಿದ್ದು ಒಂದೇ ವಸಂತದಲ್ಲಿ. ಅದಕ್ಕೆ ಕಾರಣ ಒಂದು ಚಿಟ್ಟೆ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ಧಾರವಾಡ ಮೂಲದ ಅವರು ಪರದೇಶದ ಈ ನೆಲ್ಸನ್ ಊರಿನಲ್ಲಿ ನಮ್ಮ ನೆರೆಮನೆಯವರು. ಚಳಿಗಾಲದಲ್ಲಿ ಇಲ್ಲಿಯ ಮರಗಳ ಮೇಲೆ ಗೊಂಚಲುಗಟ್ಟುವ ಮೊನಾರ್ಕ್ ಚಿಟ್ಟೆಗಳ ರೆಕ್ಕೆಗೆ ನಂಬರಿರುವ ಪುಟ್ಟ ಚೀಟಿ ಅಂಟಿಸುತ್ತಿದ್ದರು. ವಸಂತದಲ್ಲಿ ಅವು ಚದುರಿದ ಮೇಲೆ, ಕಂಡವರು ತಿಳಿಸಿದರೆ ಯಾವುದು ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ಚಿಟ್ಟೆಯನ್ನು ಹಿಡಿದಾಗ ಆಂಟಿ ಉಸಿರನ್ನೂ ಹಿಡಿಯುತ್ತಿದ್ದರು. ನಾನು ಕೆಮ್ಮಿದರೆ, "ಸುಮ್ಮನಿರವಾ, ಆಕಿ ಅಂಜ್ತಾಳ" ಎನ್ನುತ್ತಿದ್ದರು.

ಒಮ್ಮೆ ಚಳಿಗಾಲದ ಕೊನೆಯಲ್ಲಿ ಚೀಟಿಗಳು ಮುಗಿದವು. ಕೈಯಲ್ಲಿ ಇನ್ನೂ ಒಂದು ಚಿಟ್ಟೆಯಿತ್ತು. ಆಂಟಿ ತಮ್ಮ ಹಣೆಯ ಕೆಂಪು ಸ್ಟಿಕ್ಕರ್ ಬೊಟ್ಟನ್ನು ತೆಗೆದು ಅದರ ರೆಕ್ಕೆಗೆ ಅಂಟಿಸಿಬಿಟ್ಟರು.

"ಆಂಟಿ, ನಂಬರೇ ಇಲ್ವಲ್ಲ! ಯಾರಿಗೆ ಗೊತ್ತಾಗತ್ತೆ?"

"ನನ್ನ ಬೊಟ್ಟು ನನಗ ಗುರ್ತು ಸಿಗಂಗಿಲ್ಲೇನು?"

ಚಿಟ್ಟೆ ಹಾರಲಿಲ್ಲ. ಪೊದೆಯ ಮೇಲೆ ಒಂದು ಪಕ್ಕಕ್ಕೆ ವಾಲಿ ಕುಳಿತಿತು. ಆಂಟಿಯ ನಗು ನಿಂತುಹೋಯಿತು. "ಭಾರ ಆತೇನು? ನಾ ಆಕೀನ್ನ ಕೊಂದ್ನೇನವಾ?" ಕಿತ್ತರೆ ರೆಕ್ಕೆ ಹರಿದೀತೆಂಬ ಭಯ. ಮರುದಿನ ಅದು ಅಲ್ಲಿರಲಿಲ್ಲ. ಹಾರಿತೋ, ಹಕ್ಕಿಯ ಪಾಲಾಯಿತೋ ತಿಳಿಯಲಿಲ್ಲ.

ಅದರ ಸುದ್ದಿ ಬರುವವರೆಗೆ ಬೊಟ್ಟಿಡುವುದಿಲ್ಲವೆಂದು ಆಂಟಿ ನಿರ್ಧರಿಸಿದರು. ಅಂಕಲ್ ಗಾಬರಿಯಾದರು.

"ನಾ ಇನ್ನೂ ಜೀವಂತ ಅದೀನಿ ಅಲ್ಲಾ!"

"ನಿಮ್ಮ ಸಲುವಾಗಿ ಅಲ್ರೀ, ಆಕಿ ಸಲುವಾಗಿ."

ಚಿಟ್ಟೆ ಗುರುತಿಸುವವರ ಗುಂಪಿಗೆ ನಾನು ಬೊಟ್ಟಿನ ಚಿಟ್ಟೆಯನ್ನು ವಿಚಾರಿಸಿ ಸಂದೇಶ ಕಳುಹಿಸಿ ಕಾದೆ. ಅಷ್ಟರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗಾಗಿ ಆಂಟಿಯವರನ್ನು ಕ್ರೈಸ್ಟ್‌ಚರ್ಚ್ ನಗರದ ಆಸ್ಪತ್ರೆಗೆ ಕರೆದೊಯ್ಯಲಾಯಿತು, ನಾನೂ ಜೊತೆಗಿದ್ದೆ. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ, ಆ ಗುಂಪಿನ ಮೂಲಕ ವಿಷಯ ತಿಳಿದ, ಅದೇ ನಗರದ ರಿಕ್ಕರ್ಟನ್ ಬಡಾವಣೆಯ ಮಹಿಳೆಯೊಬ್ಬರಿಂದ ನನ್ನ ಫೋನಿಗೆ ಒಂದು ಫೋಟೋ ಬಂದಿತು: ಅವರ ತೋಟದ ಗಿಡದಲ್ಲಿ ಮೊಟ್ಟೆಯಿಡುತ್ತಿರುವ ಚಿಟ್ಟೆ. ಬೊಟ್ಟಿರಲಿಲ್ಲ, ರೆಕ್ಕೆಯ ಮೇಲೆ ಬಣ್ಣ ಮಾಸಿದ ದುಂಡನೆಯ ಗುರುತಿತ್ತು. ಅದೇ ಚಿಟ್ಟೆಯೆಂದು ಖಚಿತವಾಗಿ ಹೇಳಲು ನನಗೆ ಧೈರ್ಯ ಬರಲಿಲ್ಲ.

ಆಂಟಿ ಬಹಳ ಹೊತ್ತು ನೋಡಿದರು. "ಆಕೀನೋ ಅಲ್ಲೋ, ದೇವರಿಗೇ ಗೊತ್ತು. ತತ್ತಿ ಇಡ್ಲಿಕ್ಕತ್ತಾಳಲ್ಲ, ಸಾಕು. ತಾ ಒಂದ್ ಬೊಟ್ಟು."

ಇಟ್ಟುಕೊಂಡರು. ಆದರೆ ಆಪರೇಷನ್‌ಗೆ ಹೋಗುವಾಗ ಅದನ್ನು ತೆಗೆಯಬೇಕೆಂದು ನರ್ಸ್ ವಿನಂತಿಸಿದರು. ಆಂಟಿ ಅದನ್ನು ಮೆಲ್ಲಗೆ ತೆಗೆದು ನನ್ನ ಫೋನಿನ ಹಿಂಬದಿಗೆ ಅಂಟಿಸಿದರು.

"ಇಲ್ಲೇ ಇರ್ಲಿ. ಬಂದು ಹಚ್ಕೋತೀನಿ."

ಅವರು ಬರಲಿಲ್ಲ.

ಈ ವಸಂತದಲ್ಲಿಯೂ ಚಿಟ್ಟೆಗಳು ಹೊರಟಿವೆ. ಸಂಜೆ ಅಂಕಲ್ ಬೇಲಿಯಾಚೆಯಿಂದ ಕೇಳುತ್ತಾರೆ: "ಸುದ್ದಿ ಬಂತೇನವಾ?"

ನಾನು ಮೊದಲು ಫೋನನ್ನು ತಿರುಗಿಸಿ, ಬೊಟ್ಟು ಇನ್ನೂ ಇದೆಯೇ ಎಂದು ನೋಡಿಕೊಳ್ಳುತ್ತೇನೆ. ಉತ್ತರಿಸುವುದು ಆಮೇಲೆ.