ಐದು ಆಬ್ಸೆಂಟು, ಒಂದು ಪ್ರೆಸೆಂಟು

ಆಬ್ಸೆಂಟ್ ಎಂಬ ಪದವನ್ನು ನಾನು ಕಲಿತದ್ದು ಯಶವಂತಪುರದ ಕನ್ನಡ ಶಾಲೆಯಲ್ಲಿ, ಇಂಗ್ಲಿಷ್ ಅಕ್ಷರಗಳನ್ನು ಕಲಿಯುವುದಕ್ಕೂ ಮೊದಲು. ಮೇಡಂ ಹಾಜರಿ ಕೂಗುವಾಗ ಬಾರದವರ ಹೆಸರು ಬಂದರೆ ನಾವೆಲ್ಲ ಒಟ್ಟಿಗೆ "ಆಬ್ಸೆಂಟ್ ಮಿಸ್" ಎಂದು ರಾಗ ಎಳೆಯುತ್ತಿದ್ದೆವು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ಜ್ವರ ಬಂತು. ಒಂದು ವಾರ ಅವಳ ಹೆಸರಿಗೂ ಹಾಗೇ ರಾಗ ಎಳೆದೆವು. ಆಮೇಲೊಂದು ಬೆಳಿಗ್ಗೆ ಮೇಡಂ ಅವಳ ಹೆಸರು ಕೂಗದೆ ಮುಂದಿನ ಹೆಸರಿಗೆ ಹೋದರು. ಏನಾಯಿತೆಂದು ನಮಗೆ ತಿಳಿದದ್ದು ಮಧ್ಯಾಹ್ನ, ಶಾಲೆಯ ಆಯಾ ಬಾಯಿಂದ. ಅಂದಿನಿಂದ ನಾನು ಆ ರಾಗಕ್ಕೆ ದನಿ ಸೇರಿಸಲಿಲ್ಲ.

ಮದುವೆಯಾಗಿ ಯಲಹಂಕದ ಪಕ್ಕದ ಕೋಗಿಲು ಹಳ್ಳಿಗೆ ಬಂದಾಗ ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮವರು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ಎರಡು ಎಮ್ಮೆ. ನನ್ನ ಮೊದಲ ಬಸಿರು ಮೂರನೇ ತಿಂಗಳಿಗೇ ಹೋಗಿತ್ತು. ಎರಡನೆಯದು ಎಂಟನೇ ತಿಂಗಳಿಗೆ ಕಾಲಿಟ್ಟಾಗ ಎಲ್ಲರೂ ನಿರಾಳವಾಗಿದ್ದರು, ನನ್ನನ್ನು ಬಿಟ್ಟು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. "ಬಸ್ರೀರ್ ಕಾಲು ಊದ್ದೆ ಇನ್ಯಾರ್ ಕಾಲು ಊದ್ತದವ್ವ" ಎಂದಿದ್ದರು ಅತ್ತೆ. ಬೆಳಗಿನಿಂದ ಸಂಜೆಯವರೆಗೂ ತಲೆನೋವು. ಅದು ಬಿಸಿಲಿಗೆ ಬಂದದ್ದು ಎಂದುಕೊಂಡೆ.

ಯಲಹಂಕದ ನರ್ಸಿಂಗ್ ಹೋಮಿನ ಲೇಡಿ ಡಾಕ್ಟರು ಮೂತ್ರ ಪರೀಕ್ಷೆಗೆ ಬರೆದುಕೊಟ್ಟು, ರಿಪೋರ್ಟ್ ತೆಗೆದುಕೊಂಡು ಮುಂದಿನ ಗುರುವಾರ ಬಾ ಎಂದಿದ್ದರು. ಆ ಗುರುವಾರಕ್ಕೆ ಇನ್ನೂ ಆರು ದಿನ ಇತ್ತು. ಶುಕ್ರವಾರ ಬೆಳಿಗ್ಗೆ ನಾನೊಬ್ಬಳೇ ಬಸ್ಸಿನಲ್ಲಿ ಯಲಹಂಕಕ್ಕೆ ಹೋಗಿ ರಿಪೋರ್ಟ್ ಇಸಕೊಂಡೆ. "ಡಾಕ್ಟ್ರಿಗೆ ತೋರ್ಸಿ" ಎಂದಷ್ಟೇ ಹೇಳಿ ಲ್ಯಾಬಿನವನು ಕವರು ಕೊಟ್ಟ. ಅದಕ್ಕೆ ಅಂಟು ಹಾಕಿರಲಿಲ್ಲ. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ಬಿಚ್ಚಿದೆ.

ಟೈಪು ಮಾಡಿದ ಕಾಗದ. ಎಡಗಡೆ ಒಂದರ ಕೆಳಗೊಂದು ಇಂಗ್ಲಿಷ್ ಹೆಸರುಗಳು. ಶುಗರ್ ಎಂಬುದೊಂದು ಬಿಟ್ಟರೆ ಬೇರೆ ಯಾವುದೂ ನನಗೆ ಗೊತ್ತಿರಲಿಲ್ಲ. ಬಲಗಡೆ, ಆ ಹೆಸರುಗಳ ಎದುರಿಗೆ, ಆಬ್ಸೆಂಟ್. ಅದರ ಕೆಳಗೆ ಇನ್ನೊಂದು ಆಬ್ಸೆಂಟ್. ಬೆರಳಿಟ್ಟು ಎಣಿಸಿದೆ, ಐದು. ಒಂದೇ ಒಂದರ ಎದುರಿಗೆ ಪ್ರೆಸೆಂಟ್ ಎಂದಿತ್ತು.

ಮಗುವಿಗೆ ಏನೇನು ಇರಬೇಕೋ ಅದರ ಪಟ್ಟಿ ಇದು ಎಂದುಕೊಂಡುಬಿಟ್ಟೆ. ಆರರಲ್ಲಿ ಐದು ಇಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟೆ. ದಿನವೂ ಆ ಹೊತ್ತಿಗೆ ಒದೆಯುತ್ತಿದ್ದ ಮಗು ಸುಮ್ಮನಿತ್ತು. ಒತ್ತಿ ನೋಡಿದೆ. ಆಗಲೂ ಅಲುಗಾಡಲಿಲ್ಲ. ಬಸ್ಸು ಬಂದು ನಿಂತದ್ದು, ಹೊರಟುಹೋದದ್ದು ಎರಡೂ ಕಾಣಿಸಿತು, ಎದ್ದು ಹತ್ತಲಿಲ್ಲ. ಮುಂದಿನ ಬಸ್ಸಿನಲ್ಲಿ ಊರು ಸೇರಿದೆ.

ಅತ್ತೆ ಕೊಟ್ಟಿಗೆಯಿಂದ ಬಂದವರು ನನ್ನನ್ನು ನೋಡಿ ಅಲ್ಲೇ ನಿಂತರು. "ಯಾಕವ್ವ, ಮೊಕ ಇಂಗಾಗೈತೆ?"

"ಅತ್ತೆ, ಇದ್ರಲ್ಲಿ ಆಬ್ಸೆಂಟ್ ಅಂತ ಬರ್ದಿದಾರೆ. ಐದು ಕಡೆ."

ಆ ಪದ ಅವರಿಗೂ ಗೊತ್ತಿತ್ತು. "ಫ್ಯಾಕ್ಟ್ರೀಗೆ ಓಗ್ದಿದ್ರೆ ಆಕ್ತಾರಲ್ಲ, ಆ ಆಬ್ಸೆಂಟಾ?"

"ಅದೇ. ಬಂದಿಲ್ಲ ಅಂತ."

"ಯಾರ್ ಬಂದಿಲ್ಲ?"

"ಗೊತ್ತಿಲ್ಲ ಅತ್ತೆ" ಎಂದೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಅತ್ತೆ ಕಾಗದ ಇಸಕೊಂಡು, ಓದು ಬಾರದ ಕಣ್ಣಿಂದಲೇ ಮೇಲಿಂದ ಕೆಳಗೆ ನೋಡಿದರು. "ಎಲ್ಲಾನೂ ಅಂಗೇ ಬರ್ದವ್ರಾ?" ಎಂದರು. ಒಂದು ಮಾತ್ರ ಪ್ರೆಸೆಂಟ್, ಅಂದರೆ ಇದೆ ಎಂದೆ. "ಯಾವ್ದು, ತೋರ್ಸು" ಎಂದರು. ತೋರಿಸಿದೆ. ಆ ಸಾಲಿನ ಮೇಲೆ ಹೆಬ್ಬೆರಳು ಊರಿ, "ಇದೊಂದಾದ್ರೂ ಐತಲ್ಲ, ದೇವ್ರು ದೊಡ್ಡೋನು. ಏಳು, ಗುರ್ವಾರದ ಗಂಟ ಕಾಯೋದ್ ಬ್ಯಾಡ, ಈಗ್ಲೇ ಓಗಾನ" ಎಂದರು.

ಬಸ್ಸಿನ ದಾರಿ ಕಾಯದೆ ಜಟಕಾ ಹಿಡಿದೆವು. ಗಾಡಿ ಓಡಿಸುತ್ತಿದ್ದ ಸಾಬರು ಪ್ರತಿ ಗುಂಡಿಗೂ ಕುದುರೆಯನ್ನು ನಿಧಾನ ಮಾಡಿ, "ಗಟ್ಟಿ ಹಿಡ್ಕೋ ಬೇಟಿ" ಎನ್ನುತ್ತಿದ್ದರು. ನಾನು ಹಿಡಿದಿದ್ದದ್ದು ಅತ್ತೆಯ ಮೊಣಕೈಯನ್ನು. ಅರ್ಧ ದಾರಿಯಲ್ಲಿ ಮಗು ಒಮ್ಮೆ ಒದೆಯಿತು. ಅತ್ತೆಗೆ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಡಾಕ್ಟರು ನಿಂತಲ್ಲೇ ರಿಪೋರ್ಟ್ ಓದಿದರು. ನನ್ನ ಕಾಲು ನೋಡಿದರು, ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೇ ಉಳಿಯಿತು. "ತಲೆ ನೋಯ್ತಿದೆಯಾ?" ಎಂದು ಕೇಳಿ, ಮಲಗಿಸಿ, ಬಿ.ಪಿ. ಪಟ್ಟಿ ಕಟ್ಟಿದರು. ಒಂದು ಸಲ ನೋಡಿದವರು ಬಿಚ್ಚಿ ಮತ್ತೆ ಕಟ್ಟಿದರು.

"ಗುರುವಾರ ಬಾ ಅಂದಿದ್ದೆ. ಇವತ್ತೇ ಯಾಕೆ ಬಂದೆ?"

"ಐದು ಆಬ್ಸೆಂಟ್ ಇತ್ತು ಡಾಕ್ಟ್ರೇ. ಮಗೂಗೆ ಏನೋ ಇಲ್ಲ ಅಂತ ಭಯ ಆಯ್ತು."

ಅವರು ನಗುತ್ತಾರೆಂದು ನಾಚಿಕೊಂಡಿದ್ದೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ನೋಡಮ್ಮ, ಇವು ಮೂತ್ರದಲ್ಲಿ ಇರಬಾರದ ವಸ್ತುಗಳು. ಇಲ್ಲ ಅಂದ್ರೆ ಒಳ್ಳೇದು. ಆ ಐದರ ಬಗ್ಗೆ ಏನೂ ಭಯ ಬೇಡ." ಆಮೇಲೆ ಪೆನ್ನಿನ ತುದಿಯನ್ನು ಪ್ರೆಸೆಂಟ್ ಎಂಬ ಸಾಲಿನ ಮೇಲಿಟ್ಟರು. "ಇದು ಆಲ್ಬುಮಿನ್. ಇದೂ ಇರಬಾರದಿತ್ತು. ಇದೆ. ಬಿ.ಪಿ.ನೂ ಜಾಸ್ತಿ ಇದೆ. ಗುರುವಾರದವರೆಗೂ ಮನೇಲಿದ್ದಿದ್ರೆ ಫಿಟ್ಸ್ ಬಂದುಬಿಡ್ತಿತ್ತೇನೋ. ಇವತ್ತಿಂದ ಇಲ್ಲೇ ಇರ್ಬೇಕು."

ಜಟಕಾದಲ್ಲಿ ನಾವಿಬ್ಬರೂ ಧೈರ್ಯಕ್ಕೆ ಹಿಡಿದುಕೊಂಡು ಬಂದಿದ್ದ ಒಂದೇ ಪದ ಆ ಪ್ರೆಸೆಂಟ್. ಅತ್ತೆಯ ಕಡೆ ನೋಡಿದೆ. ಅವರ ಹೆಬ್ಬೆರಳು ಸೆರಗಿನ ಅಂಚನ್ನು ಉಜ್ಜುತ್ತಿತ್ತು. ಬಸ್‌ಸ್ಟಾಪಿನಲ್ಲಿ ಪಟ್ಟ ಭಯ ಈ ಭಯದ ಮುಂದೆ ಏನೂ ಅಲ್ಲ ಎನಿಸಿತು. ಯಾವುದಕ್ಕೆ ಹೆದರಬೇಕೆಂದು ಈಗ ನನಗೆ ಗೊತ್ತಿತ್ತು.

ಅತ್ತೆ ಅದೇ ಗಾಡಿಯಲ್ಲಿ ಕಾರ್ಖಾನೆಯ ಗೇಟಿಗೆ ಹೋಗಿ ಮಗನಿಗೆ ಹೇಳಿಕಳಿಸಿದರು. ಎರಡು ವಾರ ಕತ್ತಲು ಮಾಡಿದ ಕೋಣೆಯಲ್ಲಿ ಎಡಮಗ್ಗುಲಾಗಿ ಮಲಗಿದ್ದೆ. ಉಪ್ಪಿಲ್ಲದ ಮುದ್ದೆ, ಉಪ್ಪಿಲ್ಲದ ಸಾರು. ಬಾಗಿಲು ಬಡಿದರೂ ಬೆಚ್ಚುತ್ತಿದ್ದೆ. ಕೈಬೆರಳು ತಾನಾಗಿ ಅದುರಿದರೆ ಫಿಟ್ಸ್ ಬಂತೆಂದು ನರ್ಸನ್ನು ಕೂಗುತ್ತಿದ್ದೆ. ದಿನ ಬಿಟ್ಟು ದಿನ ಪರೀಕ್ಷೆ. ನರ್ಸು ಒಳಗೆ ಬಂದ ಕೂಡಲೇ ಅತ್ತೆ ಎದ್ದು ನಿಂತು, "ಆಬ್ಸೆಂಟ್ ಆಯ್ತೇನವ್ವ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ಲ ಅಜ್ಜಿ" ಎಂದರೆ ಸಪ್ಪಗೆ ಕೂರುತ್ತಿದ್ದರು.

ಆ ಆಲ್ಬುಮಿನ್ ಕೊನೆಗೂ ಹೋಗಲಿಲ್ಲ. ಬಿ.ಪಿ. ಮತ್ತೆ ಏರಿದ ದಿನ ಡಾಕ್ಟರು ಇನ್ನು ಕಾಯುವುದು ಬೇಡ ಎಂದು ಹೆರಿಗೆ ಮಾಡಿಸಿದರು. ಮಗು ಹುಟ್ಟಿದಾಗ ಅಳಲಿಲ್ಲ. ಬೆನ್ನು ತಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ಎಷ್ಟು ಹೊತ್ತೋ, ನನಗೆ ಲೆಕ್ಕವಿಲ್ಲ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು. ಎರಡು ಕೆಜಿಯೂ ತೂಗದ ಹೆಣ್ಣು. ಹತ್ತಿಯಲ್ಲಿ ಸುತ್ತಿ ಕೊಟ್ಟಾಗ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮನೆಗೆ ಬಂದ ಮೇಲೂ ನನ್ನ ಭಯ ಹೋಗಲಿಲ್ಲ. ಅವಳು ನಿದ್ದೆ ಮಾಡುವಾಗಲೆಲ್ಲ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. "ಮಲಿಕ್ಕೊಳವ್ವ, ನಾನ್ ನೋಡ್ಕೊಂತೀನಿ" ಎಂದು ಅತ್ತೆ ಹೇಳಿದರೂ ಕೇಳುತ್ತಿರಲಿಲ್ಲ. ಆರನೇ ತಿಂಗಳಿನಲ್ಲಿ ಒಂದು ಮಧ್ಯಾಹ್ನ ಅವಳು ತಾನಾಗಿಯೇ ಬೋರಲು ಬಿದ್ದಳು. ಸಿಕ್ಕಿಕೊಂಡ ಕೈಯನ್ನು ಬಿಡಿಸಿಕೊಳ್ಳಲಾರದೆ ಸಿಟ್ಟಿನಿಂದ ಇಡೀ ಬೀದಿಗೆ ಕೇಳುವಂತೆ ಕಿರುಚಿದಳು. ಅತ್ತೆ ಓಡಿಬಂದು ಎತ್ತಿಕೊಂಡರು. ನಾನು ಅಲ್ಲೇ ಚಾಪೆಯ ಮೇಲೆ ಮಲಗಿ, ಸಂಜೆ ಹಾಲು ಕರೆಯುವ ಹೊತ್ತಿನವರೆಗೂ ನಿದ್ದೆ ಮಾಡಿದೆ.