ಬಲಗಣ್ಣಿನ ಮೀನು

ವಸಂತಾ, ಆ ಬಾಟಲಿ ತಾನಾಗಿ ಬೀಳಲಿಲ್ಲ. ನಿನ್ನ ತಲೆಗೇ ಗುರಿಯಿಟ್ಟು ನಾನು ಟ್ರೇ ಎಸೆದೆ — ಅದು ಹೋಗಿ ಬಾಟಲಿಗೆ ಬಡಿಯಿತು. ನಿನ್ನ ಬಲಗಣ್ಣು ಹೋಗಿದ್ದು ನನ್ನಿಂದ.

ಒಂದು ಮೀನಿಗೋಸ್ಕರ ಅಂದರೆ ಯಾರು ನಂಬುತ್ತಾರೆ? ಹಲಸೂರಿನ ಕಾಲೇಜಿನಲ್ಲಿ ನಾವಿಬ್ಬರೂ ಝೂವಾಲಜಿ ಲೆಕ್ಚರರು. ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಶಿವಾಜಿನಗರದ ಮಾರ್ಕೆಟ್ಟಿನಿಂದ ಹಸಿ ಮೀನು ತಂದಿಡುವುದು ನಮ್ಮ ವಾಡಿಕೆ. ಅವತ್ತು ನಾನು ತಂದದ್ದು ಸಮುದ್ರದ ತಳದಲ್ಲಿ ಒಂದು ಮಗ್ಗುಲಾಗಿ ಮಲಗುವ ಚಪ್ಪಟೆ ಮೀನು, ಎರಡು ಕಣ್ಣೂ ಒಂದೇ ಬದಿಗೆ. ಕಣ್ಣು ಬಲಕ್ಕಿದ್ದರೆ ಸೋಲಿಡೇ ಕುಟುಂಬ, ಎಡಕ್ಕಿದ್ದರೆ ಸೈನೋಗ್ಲಾಸಿಡೇ — ಹುಡುಗರಿಗೆ ವರ್ಷಗಟ್ಟಲೆ ಹೀಗೇ ಉರು ಹೊಡೆಸಿದ್ದೆ. ಇದರ ಕಣ್ಣು ಬಲಕ್ಕಿತ್ತು. ಸೋಲಿಡೇ ಅಂತ ಬರೆದವರಿಗೆಲ್ಲ ಮಾರ್ಕ್ಸ್ ಕೊಡಲು ಹೊರಟಿದ್ದೆ.

ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಎದುರಿಗೇ ನೀನು ಮೀನಿನ ಬಾಯಿ ಅಗಲಿಸಿದೆ. "ಸೋಲಿಡೇಗೆ ಇಷ್ಟು ದೊಡ್ಡ ಬಾಯಿ, ಈ ಹಲ್ಲು ಎಲ್ಲಿಂದ ಬರತ್ತೆ ಕಣೆ? ಇದು ಸೆಟ್ಟೋಡಿಡೇ. ಇದರಲ್ಲಿ ಕಣ್ಣು ಎಡಕ್ಕೂ ಇರತ್ತೆ, ಬಲಕ್ಕೂ ಇರತ್ತೆ. ಪಾಠ ಮಾಡೋಳು ಬಾಯಿ ತೆಗೆದು ನೋಡ್ಬಾರ್ದಾ?" ಹುಡುಗರು ಕಿಸಕ್ಕೆಂದರು. ನೀನು ಹೇಳಿದ್ದೆಲ್ಲ ಸರಿಯಾಗಿತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು.

ಎಲ್ಲರೂ ಹೋದ ಮೇಲೆ ನೀನು ಲ್ಯಾಬಿನ ಗೋಡೆಯ ಹಲಗೆಗಳ ಕೆಳಗೆ ಕುಕ್ಕರಗಾಲಲ್ಲಿ ಕೂತು ಸ್ಲೈಡು ಜೋಡಿಸುತ್ತಿದ್ದೆ, ಬೆನ್ನು ನನ್ನ ಕಡೆಗೆ. ಮೇಣ ತುಂಬಿದ ಡಿಸೆಕ್ಷನ್ ಟ್ರೇ ಕೈಗೆ ಸಿಕ್ಕಿತು. ಭಾರವಾಗಿತ್ತು. ಇವಳ ಬುರುಡೆ ಒಡೆಯಬೇಕು ಅನ್ನಿಸಿತು — ಎಸೆದೆ. ನಿನ್ನ ತಲೆಯ ಮೇಲಿನ ಹಲಗೆಯಲ್ಲಿದ್ದ, ಸತ್ತ ಪ್ರಾಣಿ ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿ ಚೂರಾಯಿತು. ಸದ್ದಿಗೆ ನೀನು ಕತ್ತೆತ್ತಿದೆ, ಗಾಜಿನ ಚೂರಿನ ಸಮೇತ ಅಷ್ಟೂ ನಿನ್ನ ಮುಖದ ಮೇಲೆ ಸುರಿಯಿತು. ನೀನು ಕಿರುಚಿದ್ದು... ಬೇಡ, ಅದನ್ನು ನಾನು ನಿನಗೆ ಹೇಳಬೇಕೆ? ನಿನ್ನನ್ನು ನಲ್ಲಿಗೆ ಎಳೆದೊಯ್ದು ಕಣ್ಣು ತೊಳೆದೆ. ನನ್ನ ಕೈತುಂಬ ನಿನ್ನ ರಕ್ತ. "ಹಲಗೆ ವಾಲಿ ಬಾಟಲಿ ಬಿತ್ತು" ಅಂದೆ. ನಿನ್ನನ್ನು ಆಸ್ಪತ್ರೆಗೆ ಸೇರಿಸಿ ವಾಪಸು ಬಂದು ಟ್ರೇ ತೊಳೆದು ಜಾಗಕ್ಕಿಟ್ಟೆ. ನೋಡು, ಅಷ್ಟು ಬುದ್ಧಿ ನೆಟ್ಟಗಿತ್ತು ನನಗೆ.

ಈಗಲೂ ಹೊಸ ತಿಪ್ಪಸಂದ್ರದ ನಿನ್ನ ಮನೆಗೆ ನಾನು ಬಂದಾಗೆಲ್ಲ ನಿನ್ನ ಮಗಳಿಗೆ ಹೇಳುತ್ತೀಯ: "ಇವಳು ತೊಳೆದಿದ್ದಕ್ಕೇ ನಂಗೆ ಇನ್ನೊಂದು ಕಣ್ಣು ಉಳೀತು." ನಾನು ತಲೆ ತಗ್ಗಿಸಿ ಕಾಫಿ ಕುಡಿಯುತ್ತೇನೆ. ಥೂ, ನನ್ನ ಜನ್ಮಕ್ಕಿಷ್ಟು. ಯಾವಾಗಲೂ ನಿನ್ನ ಬಲಕ್ಕೇ ಕೂರುತ್ತೇನೆ, ನಿನಗೆ ಕಾಣದ ಕಡೆ. ಅದನ್ನಾದರೂ ನೀನು ಗಮನಿಸಿದ್ದೀಯೋ ಇಲ್ಲವೋ —

ಭಾನುವಾರ ಬರುತ್ತೇನೆ. ಎಡಕ್ಕೆ ಕೂರುತ್ತೇನೆ. ನಿನ್ನ ಮಗಳ ಎದುರಿಗೇ ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನಿನ್ನ ಕೈಗೆ ಏನು ಸಿಗುತ್ತದೋ ಎಸೆ, ವಸಂತಾ. ತಪ್ಪಿಸಿಕೊಳ್ಳಲು ನಾನು ತಲೆ ಬಗ್ಗಿಸುವುದಿಲ್ಲ.